ಬಾನೆಟ್ ಕೆಳಗಿನ ಸಿಳ್ಳೆ

ಪ್ರಶ್ನೆ: ಸರ್, ನನಗೆ 27 ವರ್ಷ. ಮನೆ ಬನಶಂಕರಿ 2ನೇ ಹಂತದಲ್ಲಿ, ಕೆಲಸ ಬಿಟಿಎಂ ಲೇಔಟ್ ಕಡೆ. ಹೈಸ್ಕೂಲಿನಿಂದಲೂ ಜಪಾನ್ ಕಾರುಗಳ ಹುಚ್ಚು. ‘ಇನಿಷಿಯಲ್ ಡಿ’ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸ್ಕೈಲೈನ್, ಸುಪ್ರಾ, ಇವೊ ಎಲ್ಲ ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. ಅದಕ್ಕೇ ಎರಡು ವರ್ಷದ ಹಿಂದೆ 2018ರ ಬಲೆನೊ ಆರ್‌ಎಸ್ ಸೆಕೆಂಡ್ ಹ್ಯಾಂಡ್ ತಗೊಂಡೆ. ನನ್ನ ಹೆಸರಲ್ಲಿ ಆಗಲೇ ಒಂದು ಲೋನ್ ಇದ್ದುದರಿಂದ ಆರ್‌ಸಿ, ಇನ್ಶೂರೆನ್ಸ್ ಎರಡೂ ಅಪ್ಪನ ಹೆಸರಲ್ಲಿವೆ. ಗಾಡಿ ಈಗ 68 ಸಾವಿರ ಕಿಲೋಮೀಟರ್ ಓಡಿದೆ.

ಕಳೆದ ವರ್ಷ ಸ್ಟೇಜ್ 1 ರೀಮ್ಯಾಪ್ ಮಾಡಿಸಿದೆ, ಕೋನ್ ಫಿಲ್ಟರ್ ಹಾಕಿಸಿದೆ. ಗಾಡಿ ಹಾರುತ್ತಿತ್ತು. ನಾಲ್ಕು ತಿಂಗಳ ಹಿಂದೆ ಫ್ರೆಂಡ್ಸ್ ಹೇಳಿದರು ಅಂತ ಬ್ಲೋ-ಆಫ್ ವಾಲ್ವ್ ಕೂಡ ಹಾಕಿಸಿದೆ. ಗೇರ್ ಬದಲಿಸಿದಾಗ ‘ಪ್ಶ್ಶ್’ ಅನ್ನುತ್ತದಲ್ಲ, ಅದಕ್ಕೆ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಕನಕಪುರ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಎರಡೂವರೆ ಸಾವಿರ ಆರ್‌ಪಿಎಂ ದಾಟಿಸಿ ಒತ್ತಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಜರ್ಕ್ ಹೊಡೆಯುತ್ತದೆ. ಜೊತೆಗೆ ಸಣ್ಣ ಸಿಳ್ಳೆ. ಬೆಳಿಗ್ಗೆ ತಣ್ಣಗಿರುವಾಗ ಅಷ್ಟಿಲ್ಲ, ಸಂಜೆ ಜಾಸ್ತಿ. ಒಂದು ಸಲ ಎಂಜಿನ್ ಲೈಟ್ ಮಿಣುಕಿ ಆಮೇಲೆ ಹಾಗೇ ನಿಂತುಕೊಂಡಿತು. ಸ್ಕ್ಯಾನ್ ಮಾಡಿಸಿದರೆ ಪಿ0299, ಪಿ0302 ಬಂತು. ಒಬ್ಬರು ಟರ್ಬೊ ಹೋಗಿದೆ, ಒಂದು ಲಕ್ಷದ ಮೇಲಾಗುತ್ತದೆ ಅಂದರು. ಇನ್ನೊಬ್ಬರು ಹೈ ಪ್ರೆಶರ್ ಪಂಪ್ ಅಂದರು. ಮತ್ತೊಬ್ಬರು ಎಲ್ಲ ಇ20 ಪೆಟ್ರೋಲಿನ ಮಹಿಮೆ, ಸ್ಟೇಜ್ 2 ಮಾಡಿಸಿದರೆ ಸರಿಹೋಗುತ್ತದೆ ಅಂದರು.

ಅಪ್ಪ ಬಿಎಂಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಈಗಲೂ ಊಟಕ್ಕೆ ಕೂತರೆ ಹಿನೋ ಎಂಜಿನ್ ಕಥೆ. ಅವರಿಗೆ ರೀಮ್ಯಾಪ್ ವಿಷಯ ಗೊತ್ತಿಲ್ಲ. ಹೋದ ಭಾನುವಾರ ಗೇಟಿನ ಹತ್ತಿರ ನಿಂತು, ‘ಏನೋ ಸಿಳ್ಳೆ ಹೊಡೀತಿದೆ ಕಣೋ’ ಅಂದರು. ಏಸಿ ಬೆಲ್ಟ್ ಅಂತ ಹೇಳಿದೆ. ಗಾಡಿ ಮಾರಿಬಿಡಲೇ? ರಾತ್ರಿ ನಿದ್ದೆ ಬರುತ್ತಿಲ್ಲ.

— ಹೆಸರು ಬೇಡ, ಬನಶಂಕರಿ

ಉತ್ತರ: ಕ್ಷಮಿಸಿ, ಪತ್ರ ಓದಿ ಮೊದಲು ನಗು ಬಂತು. ವರ್ಷಗಟ್ಟಲೆ ಬಸ್ಸಿನ ಅಡಿ ಮಲಗಿ ಎದ್ದವರಿಗೆ ಏಸಿ ಬೆಲ್ಟ್ ಅಂದಿರಾ? ಬೆಲ್ಟು ಕಿರುಗುಟ್ಟುತ್ತದೆ, ಗಾಳಿ ಸಿಳ್ಳೆ ಹೊಡೆಯುತ್ತದೆ. ಈ ವ್ಯತ್ಯಾಸ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ! ಅವರು ಗೇಟಿನ ಹತ್ತಿರ ನಿಂತು ಕೊಟ್ಟಿದ್ದೇ ಈ ಪ್ರಕರಣದ ಮೊದಲ ಸರಿಯಾದ ಡಯಾಗ್ನೊಸಿಸ್ ಅಂತ ನನ್ನ ಅನುಮಾನ. ಅದನ್ನು ನೀವೇ ಮುಚ್ಚಿಹಾಕಿದಿರಿ.

ನಿದ್ದೆ ವಿಷಯಕ್ಕೆ ಆಮೇಲೆ ಬರುತ್ತೇನೆ. ಇವತ್ತಿನಿಂದಲೇ ಮಾಡಬೇಕಾದ್ದು ಒಂದಿದೆ: ಗಾಡಿಯನ್ನು ಜೋರಾಗಿ ಒತ್ತಬೇಡಿ. ಎಂಜಿನ್ ಲೈಟ್ ಹಾಗೇ ಹೊತ್ತಿಕೊಂಡಿದ್ದರೆ ‘ಬಿಡುವು ಮಾಡಿಕೊಂಡು ನೋಡಿಸು’ ಅಂತ ಅರ್ಥ. ಮಿಣುಕಿದರೆ ‘ಈಗಲೇ ಕಾಲು ತೆಗಿ’ ಅಂತ. ಮಿಸ್ಸಿಂಗ್ ಹೊಡೆಯುವ ಸಿಲಿಂಡರಿನಿಂದ ಸುಡದ ಪೆಟ್ರೋಲು ಸೀದಾ ಸೈಲೆನ್ಸರ್ ಲೈನಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಕನ್ವರ್ಟರ್ ಕರಗಿ ಕಟ್ಟಿಕೊಂಡರೆ ನಿಮ್ಮ ಒಂದು ಲಕ್ಷದ ಲೆಕ್ಕಕ್ಕೆ ಇನ್ನೊಂದು ಸಾಲು ಸೇರುತ್ತದೆ.

ಇನ್ನು ಕೋಡುಗಳು. ಪಿ0299 ಅಂದರೆ ಟರ್ಬೊ ಕೆಟ್ಟಿದೆ ಅಂತ ಅಲ್ಲವೇ ಅಲ್ಲ. ಇಸಿಯು ಕೇಳಿದಷ್ಟು ಬೂಸ್ಟ್ ಸಿಗಲಿಲ್ಲ ಅನ್ನುವುದಷ್ಟೇ ಅದರ ದೂರು. ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಮೋಟಾರೇ ಸುಟ್ಟಿದೆ ಅಂತ ಯಾರೂ ಹೊಸ ಮೋಟಾರ್ ತರುವುದಿಲ್ಲ, ಪೈಪು ಎಲ್ಲಿ ಸೋರುತ್ತಿದೆ ನೋಡುತ್ತೇವೆ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಇವೆರಡೂ ಒಂದೇ ಕಾರಣದ್ದೋ ಬೇರೆ ಬೇರೆಯೋ ಅನ್ನುವುದು ಸ್ಕ್ಯಾನರಿಗೆ ಗೊತ್ತಿಲ್ಲ. ಆದರೆ ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ, ಲೋಡು, ಬಿಸಿ ಎಷ್ಟಿತ್ತು ಅನ್ನುವುದನ್ನು ಇಸಿಯು ಬರೆದಿಟ್ಟುಕೊಂಡಿರುತ್ತದೆ, ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ನಿಮ್ಮ ಮೂವರು ಮೆಕ್ಯಾನಿಕ್‌ಗಳಲ್ಲಿ ಯಾರಾದರೂ ಅದನ್ನು ತೆರೆದು ನೋಡಿದರೇ? ಪತ್ರದಲ್ಲಿ ಆ ಮಾತಿಲ್ಲ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಆದ್ದರಿಂದ ಮುಂದಿನ ಸಲ ಅಳಿಸುವ ಮುಂಚೆ ಫೋಟೊ ತೆಗೆದುಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಕಡೆ. ವಾಲ್ವ್ ಹಾಕಿಸಿ ಮೂರು ವಾರಕ್ಕೆ ಶುರುವಾಯಿತು ಅನ್ನುವುದು ಒಂದು. ತಣ್ಣಗಿದ್ದಾಗ ಕಡಿಮೆ, ಬಿಸಿಯಾದಾಗ ಜಾಸ್ತಿ ಅನ್ನುವುದು ಇನ್ನೊಂದು. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಥ್ರಾಟಲ್ ಬಾಡಿಗೆ ಹೋಗುವ ರಬ್ಬರ್ ಹೋಸುಗಳು ಬಿಸಿಗೆ ಮೆತ್ತಗಾಗುತ್ತವೆ. ವಾಲ್ವ್ ಕೂರಿಸಲು ನಡುವೆ ಒಂದು ಅಡಾಪ್ಟರ್ ತುರುಕಿ, ಕಂಪನಿಯ ಸ್ಪ್ರಿಂಗ್ ಕ್ಲಿಪ್ ಬದಲು ಸ್ಕ್ರೂ ಕ್ಲಿಪ್ ಹಾಕಿರುತ್ತಾರೆ. ಆ ಕ್ಲಿಪ್ ಒಂದೆರಡು ವಾರ ಬಿಸಿ ತಣ್ಣಗೆ ಕಂಡ ಮೇಲೆ ಒಂದು ಸುತ್ತು ಬಿಗಿ ಕೇಳುತ್ತದೆ, ಯಾರೂ ಮತ್ತೆ ಬಾನೆಟ್ ಎತ್ತಿರುವುದಿಲ್ಲ. ಎಂಜಿನ್ ಐಡಲ್‌ನಲ್ಲಿದ್ದಾಗ ಅಲ್ಲಿ ಏನೂ ಕಾಣದು. ಬೂಸ್ಟ್ ಏರಿದಾಗ ಮಾತ್ರ ತುಟಿ ಬಿಟ್ಟ ಹಾಗೆ ಸಂದು ತೆರೆದು ಸಿಳ್ಳೆ ಬರುತ್ತದೆ.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ, ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ನಾನೇ ಗ್ಯಾರೇಜಿನಲ್ಲಿ ಕೈ ಕೊಳೆ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬರ ಗಾಡಿಗೆ ಪಿಕಪ್ ಇಲ್ಲ ಅಂತ ಟರ್ಬೊ ಬಿಚ್ಚಿ ಹೊಸದು ಹಾಕಿದೆ. ಟ್ರಯಲ್ ಹೋದರೆ ಅದೇ ಕಥೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ವೇಸ್ಟ್‌ಗೇಟಿಗೆ ಹೋಗುವ ಬೆರಳಿಗಿಂತ ಸಣ್ಣ ವ್ಯಾಕ್ಯೂಮ್ ಹೋಸನ್ನು ಹೆಗ್ಗಣ ಕಚ್ಚಿತ್ತು. ಗಾಡಿ ದಿನಾ ನಿಲ್ಲುತ್ತಿದ್ದದ್ದು ಜಯನಗರದ ಒಂದು ಹೊಂಗೆ ಮರದ ಕೆಳಗೆ. ಹಲ್ಲಿನ ಗುರುತು ಹೋಸಿನ ತಳಬದಿಗಿತ್ತು, ಕನ್ನಡಿ ಹಿಡಿಯದೆ ಕಾಣುವಂತಿರಲಿಲ್ಲ. ಆ ಯಜಮಾನರು ಬೈಯಲಿಲ್ಲ, ಹಳೆಯ ಟರ್ಬೊ ಡಿಕ್ಕಿಯಲ್ಲಿ ಹಾಕಿಸಿಕೊಂಡು ಹೋದರು. ಬೈದಿದ್ದರೆ ವಾಸಿಯಿತ್ತು. ನಮ್ಮ ಕಡೆ ಹೆಗ್ಗಣ ಬಾರದಿರಲಿ ಅಂತ ಬಾನೆಟ್ ಒಳಗೆ ತಂಬಾಕಿನ ಎಲೆ ಕಟ್ಟುವವರನ್ನು ನೋಡಿ ನಗಬೇಡಿ, ಆ ಸಣ್ಣ ಹೋಸುಗಳನ್ನು ಒಂದೊಂದಾಗಿ ಕೈಯಾಡಿಸಿ ನೋಡಿ.

ಟರ್ಬೊ ನಿಜಕ್ಕೂ ಹೋಗಿದ್ದರೆ ಅದು ಗುಟ್ಟಾಗಿ ಹೋಗುವುದಿಲ್ಲ. ನೀಲಿ ಹೊಗೆ ಬರುತ್ತದೆ, ಆಯಿಲ್ ಇಳಿಯುತ್ತದೆ, ಸೈರನ್ನಿನಂಥ ಕೂಗು ಕೇಳುತ್ತದೆ. ಇನ್‌ಲೆಟ್ ಪೈಪು ಬಿಚ್ಚಿ, ಎಂಜಿನ್ ತಣ್ಣಗಿರುವಾಗ ಒಳಗಿನ ಚಕ್ರವನ್ನು ಬೆರಳಲ್ಲಿ ಹಿಡಿದು ನೋಡಬಹುದು. ಅಡ್ಡಡ್ಡ ಕೊಂಚ ಅಲ್ಲಾಡುವುದು ಸಹಜ, ಏಕೆಂದರೆ ಆ ಶಾಫ್ಟು ಆಯಿಲ್ ಪದರದ ಮೇಲೆ ತೇಲುತ್ತದೆ. ಹಿಂದಕ್ಕೂ ಮುಂದಕ್ಕೂ ಕೈಗೆ ಗೊತ್ತಾಗುವಷ್ಟು ಸರಿದರೆ, ಅಥವಾ ಬ್ಲೇಡ್ ತುದಿ ಗೋಡೆಗೆ ತಾಗಿ ತೇದಿದ್ದರೆ ಆಗ ಟರ್ಬೊ ಮಾತು. ಇಂಟರ್‌ಕೂಲರ್ ಪೈಪಿನಲ್ಲಿ ತೆಳುವಾಗಿ ಆಯಿಲ್ ಸವರಿದ ಹಾಗಿರುವುದನ್ನು ತೋರಿಸಿ ‘ನೋಡಿ ಸಾರ್, ಸೀಲ್ ಹೋಗಿದೆ’ ಅನ್ನುವವರಿದ್ದಾರೆ. ಕ್ರ್ಯಾಂಕ್‌ಕೇಸಿನ ಆವಿಯಿಂದ ಅಷ್ಟು ಜಿಡ್ಡು ಎಲ್ಲ ಟರ್ಬೊ ಗಾಡಿಯಲ್ಲೂ ಇರುತ್ತದೆ. ಲೋಟದಲ್ಲಿ ಸುರಿಯುವಷ್ಟಿದ್ದರೆ ಯೋಚಿಸಿ.

ಮಿಸ್ಸಿಂಗ್ ಪತ್ತೆಗೆ ಕಾಸಿಲ್ಲದ ಉಪಾಯವಿದೆ. ನಿಮ್ಮದು ಮೂರು ಸಿಲಿಂಡರಿನ ಎಂಜಿನ್. ಎರಡನೆಯದರ ಇಗ್ನಿಷನ್ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದರದ್ದು ಎರಡಕ್ಕೆ. ಮುಂದಿನ ಸಲ ಪಿ0303 ಬಂದರೆ ಕಾಯಿಲಿನ ತಪ್ಪು, ಅದರ ಜೊತೆಯಲ್ಲೇ ರೋಗವೂ ವಲಸೆ ಹೋಯಿತು. ಪಿ0302ರಲ್ಲೇ ನಿಂತರೆ ಪ್ಲಗ್ಗನ್ನು ಹೀಗೇ ಅದಲುಬದಲು ಮಾಡಿ. ಪ್ಲಗ್ ಯಾವಾಗ ಬದಲಿಸಿದ್ದು ಅಂತ ನೀವು ಬರೆದಿಲ್ಲ. 68 ಸಾವಿರ ಅಂದರೆ ಮೊದಲ ಓನರಿನ ಕಾಲದ್ದೇ ಇದ್ದರೂ ಆಶ್ಚರ್ಯವಿಲ್ಲ. ಪ್ಲಗ್ಗಿನ ತುದಿ ತೇದು ಗ್ಯಾಪ್ ಅಗಲವಾಗುತ್ತಾ ಹೋಗುತ್ತದೆ. ಸಿಲಿಂಡರಿನಲ್ಲಿ ಗಾಳಿ ಒತ್ತಿ ತುಂಬಿದಷ್ಟೂ ಆ ಗ್ಯಾಪ್ ದಾಟಲು ಕಿಡಿಗೆ ಕಷ್ಟ. ಮಾಮೂಲಿ ಬೂಸ್ಟಿನಲ್ಲಿ ಹೇಗೋ ದಾಟುತ್ತಿದ್ದ ಕಿಡಿ ರೀಮ್ಯಾಪಿನ ಬೂಸ್ಟಿಗೆ ಸೋಲುತ್ತದೆ. ಪ್ಲಗ್ಗೂ ಕಾಯಿಲೂ ಸರಿಯಿದ್ದರೆ ಆಮೇಲೆ ಕಂಪ್ರೆಶನ್, ಇಂಜೆಕ್ಟರ್. ಇದು ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮುವ ಎಂಜಿನ್ ಆದ್ದರಿಂದ ಇನ್‌ಟೇಕ್ ವಾಲ್ವುಗಳ ಬೆನ್ನು ಪೆಟ್ರೋಲಿನಲ್ಲಿ ತೊಳೆಯುವುದೇ ಇಲ್ಲ, ಕಾರ್ಬನ್ ಕೂರುತ್ತದೆ. ಅದನ್ನೂ ಒಮ್ಮೆ ಕ್ಯಾಮೆರಾ ಇಳಿಸಿ ನೋಡಿಸಬಹುದು, ಅವಸರವಿಲ್ಲ.

ಹೈ ಪ್ರೆಶರ್ ಪಂಪ್ ಅಂದವರನ್ನು ಪೂರ್ತಿ ತಳ್ಳಿಹಾಕಲಾರೆ. ಶುದ್ಧ ಪೆಟ್ರೋಲ್ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲ್ ಬೆರೆಸಿದ ಇ10ಕ್ಕೆ 14.1ರ ಆಸುಪಾಸು, ಇ20ಕ್ಕೆ 13.5ರ ಹತ್ತಿರ. ಅಂದರೆ ಅದೇ ಗಾಳಿಗೆ ಇ20 ಆದರೆ ಇ10ಕ್ಕಿಂತ ನೂರಕ್ಕೆ ನಾಲ್ಕರಷ್ಟು ಹೆಚ್ಚು ಇಂಧನ ಸುರಿಯಬೇಕು. ಸಾಮಾನ್ಯ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ತಾನೇ ಸರಿದೂಗಿಸುತ್ತದೆ. ಫುಲ್ ಥ್ರಾಟಲಿನಲ್ಲಿ, ಅದೂ ಹೆಚ್ಚು ಬೂಸ್ಟಿನ ಮ್ಯಾಪಿನಲ್ಲಿ, ಪಂಪಿಗೆ ಉಸಿರು ಸಾಲದೆ ರೇಲ್ ಪ್ರೆಶರ್ ಕುಸಿಯಬಹುದು. ಊಹೆ ಯಾಕೆ? ಸ್ಕ್ಯಾನರ್ ಹಾಕಿ ಲಾಗ್ ತೆಗೆಯಿರಿ. ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದೆಷ್ಟು. ಕೇಳಿದ ರೇಲ್ ಪ್ರೆಶರ್ ಎಷ್ಟು, ಸಿಕ್ಕಿದ್ದೆಷ್ಟು. ಫ್ಯುಯೆಲ್ ಟ್ರಿಮ್ ಎಲ್ಲಿ ನಿಂತಿದೆ. ನಾಕಿಂಗಿಗೆ ಹೆದರಿ ಟೈಮಿಂಗ್ ಎಷ್ಟು ಹಿಂದೆ ಸರಿದಿದೆ. ಈ ನಾಲ್ಕು ಗೆರೆ ಒಂದೇ ಕಾಗದದಲ್ಲಿ ನೋಡಿದರೆ ಮೂವರು ಮೆಕ್ಯಾನಿಕ್‌ಗಳ ಜಗಳ ಅಲ್ಲೇ ಮುಗಿಯುತ್ತದೆ. ಲಾಗ್ ತೆಗೆಯಲು ನೈಸ್ ರಸ್ತೆಗೋ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಮೇಲ್ಸೇತುವೆಗೋ ಹೋಗಬೇಡಿ. ಊರಲ್ಲಿ ಡೈನೋ ಇರುವ ಗ್ಯಾರೇಜುಗಳಿವೆ, ರೋಲರಿನ ಮೇಲೆ ನಿಲ್ಲಿಸಿ ಒತ್ತಲಿ.

ಅದಕ್ಕಿಂತ ಮುಂಚೆ ಒಂದು ಕೆಲಸ: ರೀಮ್ಯಾಪ್ ಮಾಡಿದವರ ಹತ್ತಿರ ಹೋಗಿ ಕಂಪನಿಯ ಮೂಲ ಮ್ಯಾಪನ್ನೇ ವಾಪಸು ಹಾಕಿಸಿ, ಆ ಬ್ಲೋ-ಆಫ್ ವಾಲ್ವ್ ಕಳಚಿಸಿ ಹಳೆಯ ವಾಲ್ವ್ ಕೂರಿಸಿ. ಮೂಲ ಫೈಲ್ ಅವರ ಹತ್ತಿರ ಇರಲೇಬೇಕು. ಇಲ್ಲ ಅಂದರೆ ಅವರ ಕೈಗೆ ಗಾಡಿ ಕೊಟ್ಟಿದ್ದೇ ತಪ್ಪು. ಕಾಯಿಲೆ ಬಂದ ಮೈಯಲ್ಲಿ ಕಸರತ್ತು ಮಾಡಿಸಿ ಕಾಯಿಲೆ ಹುಡುಕಲಾಗದು. ಸ್ಟೇಜ್ 2 ಅಂದವರಿಗೆ ದೂರದಿಂದಲೇ ನಮಸ್ಕಾರ ಹಾಕಿ. ಸೋರುವ ಬಿಂದಿಗೆಗೆ ಇನ್ನೂ ಜೋರಾಗಿ ನೀರು ಬಿಡು ಅಂದ ಹಾಗಾಯಿತು.

ಸೋರಿಕೆ ಇದ್ದಾಗ ಒಳಗೆ ಏನಾಗುತ್ತದೆ ನೋಡಿ. ಇಸಿಯು 1.9 ಬಾರ್ ಕೇಳಿತು ಅಂತ ಇಟ್ಟುಕೊಳ್ಳೋಣ, ಇದು ಬರೀ ಲೆಕ್ಕಕ್ಕೆ. ಮಂಗಳೂರಿನಲ್ಲಿ ಸಮುದ್ರಮಟ್ಟದ ಗಾಳಿಯೇ 1 ಬಾರ್ ಮೇಲಿದೆ, ಟರ್ಬೊ ಇನ್ನು 0.9ರಷ್ಟು ಸೇರಿಸಿದರೆ ಸಾಕು. ನಮ್ಮ ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಇಲ್ಲಿನ ಗಾಳಿಯ ಒತ್ತಡ 0.91 ಬಾರ್ ಆಸುಪಾಸು. ಟರ್ಬೊ ಇಲ್ಲದ ಕಾರು ಇಲ್ಲಿ ನೂರಕ್ಕೆ ಹತ್ತರಷ್ಟು ಶಕ್ತಿಯನ್ನು ಹುಟ್ಟಿನಿಂದಲೇ ಕಳೆದುಕೊಂಡಿರುತ್ತದೆ. ಟರ್ಬೊ ಇದ್ದದ್ದು ಕಳೆದುಕೊಳ್ಳುವುದಿಲ್ಲ, ಆದರೆ ಅದೇ 1.9 ಮುಟ್ಟಲು ಮಂಗಳೂರಿಗಿಂತ ಹೆಚ್ಚು ವೇಗವಾಗಿ ತಿರುಗಬೇಕು. ಅದರ ಮೇಲೆ ಕ್ಲಿಪ್ ಸಂದಿಯಿಂದ ಗಾಳಿ ಸೋರಿದರೆ ಇಸಿಯು ಇನ್ನೂ ಇನ್ನೂ ಅಂತ ಕೇಳುತ್ತದೆ, ಟರ್ಬೊ ತಿರುಗುತ್ತಲೇ ಹೋಗುತ್ತದೆ. ಇಷ್ಟು ಸಣ್ಣ ಟರ್ಬೊಗಳು ನಿಮಿಷಕ್ಕೆ ಎರಡು ಲಕ್ಷ ಸುತ್ತು ಮುಟ್ಟುವಂಥವು. ಹಾಗಾಗಿ ಇವತ್ತು ಟರ್ಬೊ ಸರಿಯಿದೆ ಅನ್ನುವುದೇ ನನ್ನ ಊಹೆಯಾದರೂ, ಹೀಗೇ ಒತ್ತುತ್ತಿದ್ದರೆ ಆ ಮೊದಲ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗುತ್ತದೆ. ಸಮುದ್ರಮಟ್ಟದ ಊರಿನ, 95 ಆಕ್ಟೇನ್ ಪೆಟ್ರೋಲಿನ ಲೆಕ್ಕದಲ್ಲಿ ಎಲ್ಲೋ ಬರೆದ ಮ್ಯಾಪನ್ನು ಹಾಗೇ ನಕಲು ಮಾಡಿ ಇಲ್ಲಿ ತುಂಬುವವರೂ ಇದ್ದಾರೆ. ನಿಮ್ಮದು ಅಂಥದ್ದೇ ಅಂತ ನಾನು ಹೇಳಲಾರೆ, ಕೇಳಿ ನೋಡಿ.

ನಿಮ್ಮ ಕಾರಿನ ಬಗ್ಗೆ ನನಗೆ ಅಸಡ್ಡೆಯಿಲ್ಲ, ತಪ್ಪು ತಿಳಿಯಬೇಡಿ. 2017ರ ಮಾರ್ಚ್‌ನಲ್ಲಿ ಬಂದ 998 ಸಿಸಿಯ ಈ ಬೂಸ್ಟರ್‌ಜೆಟ್ ನಮ್ಮಲ್ಲಿ 102 ಪಿಎಸ್, 150 ಎನ್‌ಎಂ ಕೊಡುತ್ತಿತ್ತು. ಯುರೋಪಿನ ಬಲೆನೊದಲ್ಲಿ ಇದೇ ಎಂಜಿನ್ 111 ಪಿಎಸ್, 170 ಎನ್‌ಎಂ. ಅಲ್ಲಿ ಬಂಕಿನ ಮಾಮೂಲಿ ಪೆಟ್ರೋಲೇ 95 ಆಕ್ಟೇನ್, ನಮ್ಮಲ್ಲಿ ಆಗ 91. ಅಷ್ಟು ಅಂತರ ಎಂಜಿನ್ನಿನಲ್ಲೇ ಇತ್ತು ಅನ್ನುವುದು ರೀಮ್ಯಾಪಿನವರ ವಾದ, ಅದರಲ್ಲಿ ಸತ್ಯವೂ ಇದೆ. ಸುಜುಕಿಗೆ ಸಣ್ಣ ಎಂಜಿನ್ನಿಗೆ ಟರ್ಬೊ ಕೂರಿಸುವುದು ಇವತ್ತಿನ ವಿದ್ಯೆಯಲ್ಲ. 1987ರಲ್ಲಿ ಆಲ್ಟೊ ವರ್ಕ್ಸ್ ಅನ್ನುವ ಪುಟಾಣಿಯಿಂದ 64 ಪಿಎಸ್ ತೆಗೆದರು. ಜಪಾನಿನ ಆ ವರ್ಗದ ಕಾರುಗಳು ಇವತ್ತಿಗೂ ಆ ಗೆರೆ ದಾಟುವುದಿಲ್ಲ. ನೀವು ನೋಟ ನೆಟ್ಟಿದ್ದ ಇವೊ ಕೂಡ 2010ರಲ್ಲಿ ಮಿತ್ಸುಬಿಷಿ ನಮ್ಮ ದೇಶಕ್ಕೇ ತಂದಿತ್ತು, ಎರಡು ಲೀಟರ್ ಟರ್ಬೊ, ಕೊಂಡವರು ಬೆರಳೆಣಿಕೆ. ಬನಶಂಕರಿಯ ಮನೆ ಮುಂದೆ ನಿಲ್ಲಿಸಬಹುದಾದ ಜಪಾನ್ ಟರ್ಬೊ ಅಂದರೆ ನಿಮ್ಮದೇ. ಚೆನ್ನಾಗಿ ಆರಿಸಿದ್ದೀರಿ.

ಆದರೆ ಹೀಗೆ ಓಡಿಸುವುದು ಕೆಟ್ಟ ಅಭ್ಯಾಸ: ಹಂಪ್ ಹತ್ತಿ ಇಳಿದ ಮೇಲೆ ಗೇರ್ ಇಳಿಸದೆ, ಮೂರನೆಯದರಲ್ಲೇ ಸಾವಿರದ ಐನೂರು ಆರ್‌ಪಿಎಂನಿಂದ ಒಂದೇ ಸಲ ಒತ್ತುವುದು. ಜೆಪಿ ನಗರದ ಒಳರಸ್ತೆಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ, ನಾನೂ ಮಾಡುತ್ತೇನೆ, ನನ್ನದು ಟರ್ಬೊ ಅಲ್ಲ. ನೇರ ಇಂಜೆಕ್ಷನ್ನಿನ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗ, ಭಾರೀ ಲೋಡು ಒಟ್ಟಿಗೆ ಬಂದರೆ ಕಿಡಿ ಹಾರುವ ಮುಂಚೆಯೇ ಪೆಟ್ರೋಲು ಹೊತ್ತಿಕೊಳ್ಳುವ ಸಂಭವವಿದೆ. ಮಾಮೂಲಿ ನಾಕಿಂಗಿನ ಟಕಟಕ ಅಲ್ಲ ಅದು, ಸುತ್ತಿಗೆ ಏಟು. ಪಿಸ್ಟನ್ನಿನ ರಿಂಗ್ ಕೂರುವ ಅಂಚೇ ಒಡೆಯಬಹುದು. ರೀಮ್ಯಾಪ್ ಮಾಡಿದ ಗಾಡಿ ಕೆಳಗಿನ ಆರ್‌ಪಿಎಂನಲ್ಲೇ ಹೆಚ್ಚು ಟಾರ್ಕ್ ಕೊಡುವುದರಿಂದ ಅಪಾಯ ಹೆಚ್ಚು. ಗೇರ್ ಡೌನ್ ಮಾಡುವ ಅಭ್ಯಾಸ ಹಾಕಿಕೊಳ್ಳಿ. ಆಯಿಲ್ ಡಬ್ಬದ ಮೇಲೆ ಎಪಿಐ ಎಸ್‌ಪಿ ಅಂತ ಇದೆಯೇ ನೋಡಿ ಕೊಳ್ಳಿ. 2020ರಿಂದ ಬಂದ ಆ ದರ್ಜೆಯ ಆಯಿಲನ್ನು ಪರೀಕ್ಷಿಸುವಾಗ ಈ ತೊಂದರೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಸಿಟಿ ಟ್ರಾಫಿಕ್ಕಿನ ಗಾಡಿಗೆ ಐದು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸುವುದು ನನ್ನ ಲೆಕ್ಕ. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತು ಹೊರಟ ಮೇಲೆ ಮೊದಲ ಎರಡು ನಿಮಿಷ ಪಿಕಪ್ ಮಂಕಾಗಿದ್ದರೆ ಅದು ರೋಗವಲ್ಲ. ಇಂಟರ್‌ಕೂಲರಿಗೆ ಗಾಳಿ ತಾಗದೆ ಬಿಸಿಯಾಗಿರುತ್ತದೆ, ಇಸಿಯು ಹುಷಾರಾಗಿ ಟೈಮಿಂಗ್ ಹಿಂದೆ ಸರಿಸಿರುತ್ತದೆ. ನಿಮ್ಮ ತೆರೆದ ಕೋನ್ ಫಿಲ್ಟರ್ ಎಂಜಿನ್ ಕೋಣೆಯ ಬಿಸಿಗಾಳಿಯನ್ನೇ ಕುಡಿಯುವುದರಿಂದ ಅದನ್ನು ಇನ್ನಷ್ಟು ಕೆಡಿಸುತ್ತದೆ. ಕಂಪನಿಯ ಏರ್‌ಬಾಕ್ಸ್ ಅಟ್ಟದ ಮೇಲಿದ್ದರೆ ಇಳಿಸಿ.

ಪವರ್ ಮಾತಾಡುವ ಮುಂಚೆ ಬ್ರೇಕಿನ ಮಾತು. 2023ರ ಏಪ್ರಿಲ್‌ನಲ್ಲಿ ಮಾರುತಿ 7,213 ಬಲೆನೊ ಆರ್‌ಎಸ್ ಕಾರುಗಳನ್ನು ವಾಪಸು ಕರೆಸಿತ್ತು. 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರ ನಡುವೆ ತಯಾರಾದ ಕಾರುಗಳಲ್ಲಿ, ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನಲ್ಲಿ ದೋಷವಿರಬಹುದು, ಪೆಡಲ್ ಗಟ್ಟಿಯಾಗಬಹುದು ಅಂತ. ನಿಮ್ಮದು 2018ರದು, ಸೆಕೆಂಡ್ ಹ್ಯಾಂಡ್. ಹಳೆಯ ಓನರ್ ಆ ಕೆಲಸ ಮಾಡಿಸಿದ್ದಾರೋ ಇಲ್ಲವೋ, ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಈ ವಾರವೇ ಕೇಳಿ. ಸಿಳ್ಳೆಗಿಂತ ಇದು ಮೊದಲು.

ಈಗ ಅಪ್ಪ. ರೀಮ್ಯಾಪ್ ನಿಮ್ಮದು, ಆರ್‌ಸಿ ಅವರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಹೇಳಿದ್ದಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೂ ಓನರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅನ್ನುತ್ತದೆ. ಓನರ್ ಅಂದರೆ ಯಾರು? ನಾಳೆ ಯಾರಿಗಾದರೂ ಗುದ್ದಿ ಸರ್ವೇಯರ್ ಬಾನೆಟ್ ಎತ್ತಿದರೆ, ತಿಳಿಸದೆ ಮಾಡಿಸಿದ ಮಾರ್ಪಾಡು ಅಂತ ಇನ್ಶೂರೆನ್ಸಿನವರು ತಕರಾರು ತೆಗೆಯಲು ಒಂದು ಕಾರಣ ಸಿಗುತ್ತದೆ. ಆ ಕಾಗದವೂ ಬನಶಂಕರಿಯ ಮನೆಗೆ, ಅವರ ಹೆಸರಿಗೇ ಬರುತ್ತದೆ. ಹೇಳದೇ ಇರುವ ಹಕ್ಕು ನಿಮಗಿಲ್ಲ ಅಂತಲೇ ನನಗನ್ನಿಸುತ್ತದೆ. ನಿದ್ದೆ ಬಾರದಿರುವುದಕ್ಕೂ ಕಾರಣ ಪಿ0299 ಅಲ್ಲ.

ಬೈಯುತ್ತಾರೆಯೇ? ಬೈಯಬಹುದು. ಆದರೆ ನಿಮಗೆ ಅವರ ಊಟದ ಹೊತ್ತಿನ ಕಥೆ ಸರಿಯಾಗಿ ಕೇಳಿಸಿಲ್ಲ. ಹಿನೋ ಜಪಾನಿನ ಕಂಪನಿ. ಅಶೋಕ್ ಲೇಲ್ಯಾಂಡ್ ಅವರ ತಂತ್ರಜ್ಞಾನದಲ್ಲಿ ಮಾಡಿದ ಎಂಜಿನ್ನಿನ ಬಸ್ಸುಗಳು ನಮ್ಮ ಊರಿನಲ್ಲಿ ಎಷ್ಟೋ ವರ್ಷ ಓಡಿದವು, ಟರ್ಬೊ ಕೂರಿಸಿದ್ದೂ ಸೇರಿ. ಡೀಸೆಲ್ ಬಸ್ಸಿನಲ್ಲಿ ಟರ್ಬೊ ಹೋಸ್ ಬಿಟ್ಟುಕೊಂಡರೆ ದಿಣ್ಣೆ ಹತ್ತುವಾಗ ಪಿಕಪ್ ಇಲ್ಲ, ಹಿಂದೆ ಕರೀ ಹೊಗೆ, ಮುಂದೆ ಸಿಳ್ಳೆ. ಡ್ರೈವರ್ ಬಂದು ‘ಗಾಡಿ ಎಳೀತಿಲ್ಲಣ್ಣ’ ಅಂತ ಲಾಗ್‌ಶೀಟಿನಲ್ಲಿ ಬರೆದು ಹೋಗುತ್ತಿದ್ದ, ಡಿಪೋದಲ್ಲಿ ಅದಕ್ಕೆ ಹೊಸ ಟರ್ಬೊ ಕೇಳುವುದಕ್ಕಿಂತ ಮುಂಚೆ ಕ್ಲಿಪ್ ಮುಟ್ಟಿ ನೋಡುತ್ತಿದ್ದರು. ನೀವು ಹೈಸ್ಕೂಲಿನಲ್ಲಿ ಕನಸು ಕಾಣುತ್ತಿದ್ದ ಜಪಾನ್ ಟರ್ಬೊಗಳ ಅಡಿ ನಿಮ್ಮಪ್ಪ ಆಗಲೇ ಮಲಗಿದ್ದರು. ಬಸ್ಸಿನ ಸೈಜು ದೊಡ್ಡದು, ಅಷ್ಟೇ.

ಇನ್ನೊಂದು ಮಾತು, ನೀವು ಅಷ್ಟು ಸಲ ನೋಡಿದ ‘ಇನಿಷಿಯಲ್ ಡಿ’ ಬಗ್ಗೆ. ಅದರ ಹುಡುಗ ಓಡಿಸುವ ಟೊಯೋಟ ಎಇ86ಗೆ ಟರ್ಬೊನೇ ಇಲ್ಲ. ಗಾಡಿ ಅವನದ್ದೂ ಅಲ್ಲ, ತೋಫು ಅಂಗಡಿ ಇಟ್ಟಿರುವ ಅವರಪ್ಪನದು. ಟ್ಯೂನ್ ಮಾಡಿದ್ದು ಅಪ್ಪ, ಕಪ್ಪಿನಲ್ಲಿ ನೀರಿಟ್ಟು ಚೆಲ್ಲದ ಹಾಗೆ ಓಡಿಸು ಅಂತ ಕಲಿಸಿದ್ದೂ ಅಪ್ಪ. ಆ ಕಥೆ ಬರೆದ ಶಿಗೆನೊ ಅವರಿಗೆ ಬನಶಂಕರಿ ಗೊತ್ತಿರಲಿಕ್ಕಿಲ್ಲ.

ಮಾರುವ ಯೋಚನೆ ಈಗ ಬೇಡ, ಎಂಜಿನ್ ಲೈಟ್ ಹೊತ್ತಿರುವ ಗಾಡಿಗೆ ಯಾರೂ ಒಳ್ಳೆಯ ಬೆಲೆ ಕೊಡುವುದಿಲ್ಲ. ಶನಿವಾರ ರಾತ್ರಿ ಊಟವಾದ ಮೇಲೆ ಎಲ್ಲ ಹೇಳಿ, ರೀಮ್ಯಾಪ್, ವಾಲ್ವ್, ಏಸಿ ಬೆಲ್ಟಿನ ಸುಳ್ಳು ಸೇರಿಸಿ. ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಇಬ್ಬರೂ ಬಾನೆಟ್ ಎತ್ತಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಟರ್ಬೊ ಇನ್‌ಲೆಟ್ ಬಾಯಿಗೆ ಸರಿಹೊಂದುವ ಪಿವಿಸಿ ಮುಚ್ಚಳಕ್ಕೆ ಒಂದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ ಬಿಗಿಯಾಗಿ ಕಟ್ಟಿ. ಕ್ರ್ಯಾಂಕ್‌ಕೇಸಿಗೆ ಹೋಗುವ ಬ್ರೀದರ್ ಪೈಪನ್ನು ಬಿಚ್ಚಿ ಇನ್‌ಲೆಟ್ ಕಡೆಯ ತೂತು ಮುಚ್ಚಿ, ಇಲ್ಲದಿದ್ದರೆ ಗಾಳಿ ಆಯಿಲ್ ಸೀಲುಗಳ ಮೇಲೆ ಒತ್ತುತ್ತದೆ. ಪಂಕ್ಚರ್ ಅಂಗಡಿಯ ಪುಟ್ಟ ಕಂಪ್ರೆಸರ್ ಸಾಕು, ಮೀಟರ್ ನೋಡಿಕೊಂಡು ಹತ್ತು ಪಿಎಸ್‌ಐ ದಾಟಿಸಬೇಡಿ. ತೆರೆದಿರುವ ಎಂಜಿನ್ ವಾಲ್ವುಗಳ ಮೂಲಕ ಸ್ವಲ್ಪ ಗಾಳಿ ಹೋಗುವುದು ಸಹಜ, ಅದಕ್ಕೆ ಗಾಬರಿ ಬೀಳಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿದ ನೀರಿನ ಸ್ಪ್ರೇ ಬಾಟಲಿ ಅಪ್ಪನ ಕೈಗೆ ಕೊಡಿ, ಬ್ಲೋ-ಆಫ್ ವಾಲ್ವಿನ ಅಡಾಪ್ಟರಿನಿಂದ ಶುರು ಮಾಡಲಿ. ಟಾರ್ಚ್ ನೀವು ಹಿಡಿದುಕೊಳ್ಳಿ.